ಮಗ ಬೆಂಗಳೂರಿನಿಂದ ಗಂಟುಮೂಟೆ ಸಮೇತ ವಾಪಸ್. ಮನೆಗೆ ರೂಲ್ಸು ಬೇಕಾ, ಬೇಡವಾ?

ತೋಟದಮನೆ ಅಕ್ಕ (ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕ ಹತ್ತಿರ)
ಜೂನ್ 9, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮನೆಯ ವಿಷಯ ಇಲ್ಲಿ ಹಾಕಬಾರದು ಅಂತಲೇ ಇದ್ದೆ. ಆದರೆ ಅಕ್ಕಪಕ್ಕದವರ ಹತ್ತಿರ ಹೇಳಿದರೆ ನಾಳೆ ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಅದೇ ಮಾತು. ಅದಕ್ಕಿಂತ ಇದೇ ವಾಸಿ.

ಮಗನಿಗೆ 25. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಮೂರು ವರ್ಷ ಬೆಂಗಳೂರಿನಲ್ಲಿದ್ದ. ವಿಷುವಿಗೆ ಅಂತ ಬಂದವನು "ಇನ್ನು ಮನೆಯಿಂದಲೇ ಕೆಲಸ" ಅಂದ. ಎರಡು ಬ್ಯಾಗು ಜಾಸ್ತಿ ತಂದಿದ್ದ, ಆಗಲೇ ನನಗೆ ಗೊತ್ತಾಗಬೇಕಿತ್ತು. ಖುಷಿಯೇ ಆಯಿತು. ಈಗ ಎರಡು ತಿಂಗಳು. ಖುಷಿ ಈಗಲೂ ಉಂಟು, ಜೊತೆಗೆ ದಿನಕ್ಕೊಂದು ಕಿರಿಕಿರಿಯೂ ಉಂಟು.

ಅವನ ಕೆಲಸ ಅಮೆರಿಕದವರ ಜೊತೆಯಂತೆ. ರಾತ್ರಿ 2ರ ತನಕ ಕೋಣೆಯಲ್ಲಿ ಮಾತು. ಏಳುವುದು 10ಕ್ಕೆ. ನಾನು ಏಳೂವರೆಗೆ ಎರೆದ ನೀರುದೋಸೆ ಅವನ ಬಟ್ಟಲಿಗೆ ಬರುವಾಗ ಚರ್ಮದ ಹಾಗಾಗಿರುತ್ತದೆ. ಅದನ್ನೂ ಸುಮ್ನೆ ತಿನ್ನುತ್ತಾನೆ ಪಾಪ. ಆದರೆ ವಾರಕ್ಕೆ ಎರಡು ಮೂರು ರಾತ್ರಿ ಗೆಳೆಯರ ಜೊತೆ ಹೊರಗೆ ತಿಂದು ಬರುತ್ತಾನೆ, ಮೊದಲೇ ಹೇಳುವುದಿಲ್ಲ. ಅತ್ತೆಗೆ 81. ಮೊಮ್ಮಗ ಬಾರದೆ ಅವರು ಊಟಕ್ಕೆ ಕೂರುವುದಿಲ್ಲ. ಒಂಬತ್ತೂವರೆಗೆ ಗಂಜಿ ತಣ್ಣಗಾಗುತ್ತದೆ, ಅತ್ತೆಯ ಮಾತ್ರೆ ತಪ್ಪುತ್ತದೆ, ನನ್ನ ಬಿಪಿ ಏರುತ್ತದೆ.

ಕಳೆದ ಭಾನುವಾರ ಇವರು ಹಳೆ ಕ್ಯಾಲೆಂಡರಿನ ಹಿಂಬದಿಗೆ ಮಾರ್ಕರಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು:

1. ರಾತ್ರಿ 10ಕ್ಕೆ ಗೇಟಿಗೆ ಬೀಗ.
2. ಬೆಳಿಗ್ಗೆ 7ಕ್ಕೆ ಏಳಬೇಕು.
3. ಊಟ ಬೇಡದಿದ್ದರೆ ಮೊದಲೇ ಹೇಳಬೇಕು.
4. ಭಾನುವಾರ ತೋಟಕ್ಕೆ ಬರಬೇಕು.
5. ಏಸಿ ರಾತ್ರಿ ಮಾತ್ರ.

ಮಗ ಓದಿದ, ಏನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ಕೆಳಗೆ ನೀಲಿ ಪೆನ್ನಿನಲ್ಲಿ ಇನ್ನೊಂದು ಸೇರಿತ್ತು: "6. ಬಾಗಿಲು ತಟ್ಟದೆ ನನ್ನ ಕೋಣೆಗೆ ಬರಬಾರದು."

ಅಂದಿನಿಂದ ಅಪ್ಪ ಮಗನ ಮಾತುಕತೆ ನನ್ನ ಮೂಲಕ. "ಅವನಿಗೆ ಹೇಳು." "ಅಪ್ಪನಿಗೆ ಹೇಳಮ್ಮ." ನಾನೇನು ಪೋಸ್ಟಾಫೀಸಾ?

ನಿಮ್ಮ ಮನೆಗಳಲ್ಲಿ ಹೇಗೆ? ಇಷ್ಟು ದೊಡ್ಡ ಮಕ್ಕಳಿಗೆ ರೂಲ್ಸು ಹಾಕಬಹುದಾ? ಮನೆ ಖರ್ಚಿಗೆ ದುಡ್ಡು ಕೇಳಬಹುದಾ? ಕೇಳಲು ನನಗೆ ನಾಚಿಕೆ.

ನೀರ್ಚಾಲು ಭಾವ
ರಾತ್ರಿ 10:02

ಆರನೇ ರೂಲ್ಸು ಸೂಪರ್ ಅಕ್ಕ. ಹುಡುಗನಿಗೆ ಭವಿಷ್ಯ ಉಂಟು.

ಹಳೆ ತಲೆ
ರಾತ್ರಿ 10:10

ಇದರಲ್ಲಿ ಚರ್ಚೆ ಎಂತದು? ಮನೆ ಅಪ್ಪನದ್ದು, ರೂಲ್ಸು ಅಪ್ಪನದ್ದು. ಬೇಡದಿದ್ದರೆ ಬೆಂಗಳೂರಿನಲ್ಲಿ ಪಿಜಿ ಉಂಟಲ್ಲ. ನಾವು ಅಪ್ಪನ ಎದುರು ಕುರ್ಚಿಯಲ್ಲಿ ಕೂತವರಲ್ಲ.

ವಾಪಸ್ ಬಂದವ (ಉಪ್ಪಳ)
ರಾತ್ರಿ 10:21

@ಹಳೆ ತಲೆ, ಪಿಜಿಯಲ್ಲೂ ಬಾಗಿಲು ತಟ್ಟಿಯೇ ಒಳಗೆ ಬರುತ್ತಾರೆ ಅಣ್ಣ.

ಹಳೆ ತಲೆ
ರಾತ್ರಿ 10:24

ಪಿಜಿಯಲ್ಲಿ ತಿಂಗಳಿಗೆ ಎಂಟು ಹತ್ತು ಸಾವಿರ ಕೊಟ್ಟು ಆ ತಟ್ಟುವಿಕೆ ತೆಗೆದುಕೊಳ್ಳುವುದು. ಇಲ್ಲಿ ಎಷ್ಟು ಕೊಡುತ್ತಾನೆ?

ಟೀಚರಮ್ಮ
ರಾತ್ರಿ 10:40

ಅಕ್ಕ, ನಿಮ್ಮ ಐದು ರೂಲ್ಸುಗಳಲ್ಲಿ ಎರಡು ಜಾತಿ ಉಂಟು, ನೋಡಿ. ಊಟ ಹೇಳಬೇಕು, ಗೇಟು, ಏಸಿ: ಇವು ಒಂದೇ ಮನೆಯಲ್ಲಿ ನಾಲ್ಕು ಜನ ಇರಬೇಕಾದರೆ ಬೇಕಾದ ಮಾತು. ಅದು ಅವನಿಗೂ ಸೇರುತ್ತದೆ, ನಿಮಗೂ ಸೇರುತ್ತದೆ. "7ಕ್ಕೆ ಏಳಬೇಕು" ಅಂಥದ್ದಲ್ಲ. ರಾತ್ರಿ 2ಕ್ಕೆ ಕೆಲಸ ಮುಗಿಸುವವ 7ಕ್ಕೆ ಎದ್ದರೆ ಯಾರಿಗೆ ಲಾಭ? ಅದು ಎಂಟನೇ ಕ್ಲಾಸಿನ ಹುಡುಗನಿಗೆ ಹಾಕಿದ ರೂಲ್ಸು. ಮೊದಲು ಅದನ್ನು ತೆಗೆಯಿರಿ. ಆಗ ಉಳಿದದ್ದನ್ನು ಅವನು ಕೇಳಿಸಿಕೊಳ್ಳುತ್ತಾನೆ.

ತೋಟದಮನೆ ಅಕ್ಕ
ರಾತ್ರಿ 10:48

ಟೀಚರೇ, ಅದು ನನಗೂ ಅನಿಸಿತ್ತು. ಆದರೆ ಇವರು 5 ಗಂಟೆಗೆ ಏಳುವವರು. ಅಂಗಳದಲ್ಲಿ ಕೆಲಸದವರು ಬಂದು ನಿಂತಿರುವಾಗ ಮಗ ಮಲಗಿದ್ದಾನೆ ಅಂದರೆ ಇವರಿಗೆ ಮರ್ಯಾದೆ ಪ್ರಶ್ನೆ. "ಮಗ ಎದ್ದಿಲ್ವಾ" ಅಂತ ಯಾರೋ ಒಬ್ಬ ಕೇಳಿದನಂತೆ. ಆ ಒಂದು ಮಾತಿನಿಂದ ಹುಟ್ಟಿದ್ದು ಎರಡನೇ ರೂಲ್ಸು.

ಕುಂಬಳೆ ಹುಡುಗಿ
ರಾತ್ರಿ 11:05

ಬೇಜಾರು ಮಾಡಬೇಡಿ ಆಂಟಿ, ಒಂದು ಮಾತು ಕೇಳುತ್ತೇನೆ. ಇದು ಮಗಳಾಗಿದ್ದರೆ ಗೇಟಿನ ಬೀಗ 10ಕ್ಕಾ?

ನಾನೂ ವಾಪಸ್ ಬಂದವಳೇ. 26 ವರ್ಷ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಆಫೀಸಿನ ಕ್ಯಾಬಿನಲ್ಲಿ ಬರುತ್ತಿದ್ದೆ. ಇಲ್ಲಿ ಪೇಟೆಗೆ ಹೋಗಿ ಫೋಟೋಸ್ಟಾಟ್ ತೆಗೆಸಿಕೊಂಡು ಬರಲು "ಯಾರ ಜೊತೆ" ಅಂತ ಕೇಳುತ್ತಾರೆ. ಅಣ್ಣ 12ಕ್ಕೆ ಬಂದರೆ "ಪಾಪ, ಸುಸ್ತಾಗಿದ್ದಾನೆ." ನಾನು 8ಕ್ಕೆ ಬಂದರೆ ಚಾವಡಿಯಲ್ಲಿ ಮೂರು ಜನ ಕೂತು ವಿಚಾರಣೆ. ನಮ್ಮ ಮನೆಯಲ್ಲಿ ರೂಲ್ಸು ಯಾರೂ ಬರೆದಿಲ್ಲ. ಬರೆದರೆ ಓದುವಾಗ ಅವರಿಗೇ ನಾಚಿಕೆ ಆಗುತ್ತಿತ್ತು, ಅದಕ್ಕೇ ಬರೆಯುವುದಿಲ್ಲ ಅಂತ ನನ್ನ ಗುಮಾನಿ.

ನಿಮ್ಮ ಮಗನಿಗೆ ಹೇಳಿ, ಅವನದ್ದು ಲಕ್ಕು. ಬರಹದಲ್ಲಿ ಉಂಟು.

ನೀರ್ಚಾಲು ಭಾವ
ರಾತ್ರಿ 11:09

ನಮ್ಮ ಕಡೆ ಯಾರೂ ರೂಲ್ಸು ಹಾಕಬೇಕಾಗಿಯೇ ಇರಲಿಲ್ಲ ತಂಗಿ. ಕೊನೆಯ ಬಸ್ಸೇ ರೂಲ್ಸು. ಅದು ತಪ್ಪಿದರೆ ಚೆರ್ಕಳದಿಂದ ನಡಿಗೆ. ಸ್ಕೂಟರ್ ಬಂದು ಎಲ್ಲ ಹಾಳಾಯಿತು.

ಗಲ್ಫ್ ರಿಟರ್ನ್ (ಮಂಜೇಶ್ವರ)
ಜೂನ್ 10, ಬೆಳಿಗ್ಗೆ 6:15

ಅಕ್ಕಾ, ನಾನು ಉಲ್ಟಾ ಕೇಸು. ನಮ್ಮ ಮನೆಯಲ್ಲಿ ವಾಪಸ್ ಬಂದದ್ದು ಮಗ ಅಲ್ಲ, ನಾನು.

22 ವರ್ಷ ಶಾರ್ಜಾದಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುವುದು. ಆಗ ನಾನು ಮನೆಯಲ್ಲಿ ರಾಜ. ಬೆಳಿಗ್ಗೆ ಪತ್ತಿರಿ, ರಾತ್ರಿ ಬಿರಿಯಾನಿ. 2020ರಲ್ಲಿ ಕೊರೊನಾ ಸಮಯ ಪೂರ್ತಿಯಾಗಿ ಬಂದುಬಿಟ್ಟೆ. ಮೊದಲ ತಿಂಗಳು ರಾಜ. ಎರಡನೇ ತಿಂಗಳು ಟಿವಿ ರಿಮೋಟು ಹಿಡಿದುಕೊಂಡು "9 ಗಂಟೆಗೆ ಆಫ್" ಅಂದೆ. ಅಡುಗೆಮನೆಗೆ ಹೋಗಿ ಎಣ್ಣೆ ಇಷ್ಟು ಯಾಕೆ ಅಂದೆ. ಮಗಳ ಟ್ಯೂಷನ್ ಟೈಮು ಬದಲಿಸಲು ಹೊರಟೆ.

ಒಂದು ದಿನ ಹೆಂಡತಿ ಚಾ ಕೊಟ್ಟು ಎದುರು ಕೂತಳು. "22 ವರ್ಷ ಈ ಮನೆ ಒಂದು ಲೆಕ್ಕದಲ್ಲಿ ನಡೆದಿದೆ. ನೀವು ದುಡ್ಡು ಕಳಿಸಿದ್ದೀರಿ, ಲೆಕ್ಕ ನಡೆಸಿದ್ದು ನಾನು. ಈಗ ಬಂದಿದ್ದೀರಿ, ಸಂತೋಷ. ಬಂದವರು ಮೊದಲು ಲೆಕ್ಕ ಕಲಿಯಿರಿ" ಅಂದಳು. ಜೋರು ಮಾಡಲೇ ಇಲ್ಲ. ನನಗೆ ಮೂರು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ನಾನು ಹೇಳುವುದು ಇಷ್ಟೇ. ನಿಮ್ಮ ಮಗ ಹೋಗುವಾಗ 22ರ ಹುಡುಗ. ಆ ಮನೆ ಈಗ ಅವನಿಲ್ಲದೆ ಮೂರು ವರ್ಷ ನಡೆದಿದೆ. ಅವನೂ ನೀವಿಲ್ಲದೆ ಮೂರು ವರ್ಷ ನಡೆದಿದ್ದಾನೆ. ಇಬ್ಬರಿಗೂ ಇನ್ನೊಬ್ಬರ ಲೆಕ್ಕ ಗೊತ್ತಿಲ್ಲ. ಯಾರದ್ದೂ ತಪ್ಪಲ್ಲ.

ಟೀಚರಮ್ಮ
ಬೆಳಿಗ್ಗೆ 6:40

ಅಣ್ಣ, ನಿಮ್ಮ ಮನೆಯವರಿಗೆ ನನ್ನದೊಂದು ನಮಸ್ಕಾರ ತಿಳಿಸಿ.

ನಿವೃತ್ತ ಗುಮಾಸ್ತ
ಬೆಳಿಗ್ಗೆ 7:30

ಕಾನೂನಿನ ಪ್ರಕಾರ ಹೇಳುವುದಾದರೆ, 18 ತುಂಬಿದವನು ಪ್ರಾಪ್ತ ವಯಸ್ಕ. ಇದು 1875ರ ಕಾನೂನು, ಬ್ರಿಟಿಷರ ಕಾಲದ್ದು. ಅಪ್ಪ ಅಮ್ಮನ ಸ್ವಯಾರ್ಜಿತ ಮನೆಯಲ್ಲಿ ಪ್ರಾಯಕ್ಕೆ ಬಂದ ಮಗನಿಗೆ ಇರುವ ಹಕ್ಕು ಇಲ್ಲ, ಅವರು ಇರಲು ಬಿಟ್ಟರೆ ಮಾತ್ರ ಇರಬಹುದು ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಮದುವೆ ಆದವನಾದರೂ ಅಷ್ಟೇ, ಆಗದವನಾದರೂ ಅಷ್ಟೇ. 60 ದಾಟಿದ ತಂದೆತಾಯಿಯ ರಕ್ಷಣೆಗೆ 2007ರ ಕಾನೂನು ಬೇರೆ ಉಂಟು. ಮಾಹಿತಿಗಾಗಿ ತಿಳಿಸಿದ್ದೇನೆ.

ನೀರ್ಚಾಲು ಭಾವ
ಬೆಳಿಗ್ಗೆ 7:33

ಮಾರಾಯ್ರೆ, ನೀರುದೋಸೆ ತಣ್ಣಗಾಯಿತು ಅಂದದ್ದಕ್ಕೆ ಹೈಕೋರ್ಟಿಗೆ ಹೋಗಬೇಕಾ?

ಹಳೆ ತಲೆ
ಬೆಳಿಗ್ಗೆ 7:41

ಗುಮಾಸ್ತರು ಹೇಳಿದ್ದೇ ನಾನು ಹೇಳಿದ್ದು. ಕೋರ್ಟೇ ಹೇಳಿದ ಮೇಲೆ ಮುಗಿಯಿತು.

ವಾಪಸ್ ಬಂದವ
ಬೆಳಿಗ್ಗೆ 9:58 (ಹೌದು, ಈಗಷ್ಟೇ ಎದ್ದೆ)

ಸ್ವಯಾರ್ಜಿತ ಅಂದರೆ ಅಪ್ಪ ಸ್ವಂತ ದುಡಿದು ಮಾಡಿದ್ದು. ನಮ್ಮ ಕಡೆಯ ಅರ್ಧ ಮನೆಗಳು ಅಜ್ಜನ ಕಾಲದ್ದು. ಅಲ್ಲಿ ಅಪ್ಪನೂ ಯಾರದ್ದೋ ಮಗನಾಗಿಯೇ ಒಳಗೆ ಬಂದದ್ದು.

ನಿವೃತ್ತ ಗುಮಾಸ್ತ
ಬೆಳಿಗ್ಗೆ 10:20

ಒಳ್ಳೆಯ ಪ್ರಶ್ನೆ. ಆದರೆ ಅದು ಕರ್ನಾಟಕದ ಹಾಗೆ ಇಲ್ಲಿರಲಿಲ್ಲ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ 1975ರ ಕಾನೂನಿನಲ್ಲಿ ತೆಗೆದುಹಾಕಿದ್ದಾರೆ, ಜಾರಿಗೆ ಬಂದದ್ದು 1976 ಡಿಸೆಂಬರ್ 1ಕ್ಕೆ. ಪುತ್ತೂರಿನ ನೆಂಟರು ಹೇಳುವ "ಹುಟ್ಟಿನಿಂದ ಬಂದ ಹಕ್ಕು" ಇಲ್ಲಿಗೆ ಹಾಗೇ ಹೊಂದುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಬಂದ ಮೇಲೆ ಅದರ ಮೇಲೂ ಕೋರ್ಟಿನಲ್ಲಿ ವಾದ ನಡೆದು, ಕೇಂದ್ರ ಕಾನೂನೇ ಮೇಲು ಅಂತ ಕೇರಳ ಹೈಕೋರ್ಟ್ 2025ರಲ್ಲಿ ಹೇಳಿದೆ. ಆಸ್ತಿ ವಿಷಯ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ತೋಟದಮನೆ ಅಕ್ಕ
ಬೆಳಿಗ್ಗೆ 10:35

ಅಯ್ಯೋ ದೇವರೇ, ನಾನು ಆಸ್ತಿ ಪಾಲು ಕೇಳಿಲ್ಲ. ಊಟಕ್ಕೆ ಬರುತ್ತಾನಾ ಇಲ್ವಾ, ಅಷ್ಟೇ ಕೇಳಿದ್ದು!

ವಯರಿಂಗ್ ಮೇಸ್ತ್ರಿ
ಬೆಳಿಗ್ಗೆ 11:10

ಐದನೇ ರೂಲ್ಸಿನ ಬಗ್ಗೆ ನನ್ನದೊಂದು ಮಾತು. ಏಸಿ ರಾತ್ರಿ ಮಾತ್ರ ಅಂತ ಬರೆದಿದ್ದಾರೆ. ಒಂದೂವರೆ ಟನ್ನಿನ ಏಸಿ ಗಂಟೆಗೆ ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ಯೂನಿಟ್ ತಿನ್ನುತ್ತದೆ. ರಾತ್ರಿ ಆರು ಗಂಟೆ ಹಾಕಿದರೂ ಎರಡು ತಿಂಗಳಿಗೆ 360ರಿಂದ 540 ಯೂನಿಟ್ ಏಸಿಯದ್ದೇ. ನಮ್ಮಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500ರ ಒಳಗಿದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ರೇಟು, ಮೇಲೆ ಹೋದ ಹಾಗೆ ಜಾಸ್ತಿ. 500 ದಾಟಿದರೆ ಆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟ್‌ನಿಂದಲೇ ದೊಡ್ಡ ರೇಟು. ಬಿಲ್ಲು ಒಮ್ಮೆಲೇ ಹಾರುವುದು ಅದಕ್ಕೆ.

ತುಂಬಾ ಅಪ್ಪಂದಿರು "ಲ್ಯಾಪ್‌ಟಾಪು, ವೈಫೈ ಇಡೀ ರಾತ್ರಿ ಓಡುತ್ತದೆ" ಅಂತ ಮಕ್ಕಳಿಗೆ ಬೈಯುತ್ತಾರೆ. ಲ್ಯಾಪ್‌ಟಾಪು ಎಂಟು ಗಂಟೆ ಓಡಿದರೆ ಅರ್ಧ ಯೂನಿಟ್ ಅಷ್ಟೇ. ಹಳೆಯ ಫ್ಯಾನೇ 75 ವಾಟ್ ಇರುತ್ತದೆ. ಬೈಯುವುದಾದರೆ ಸರಿಯಾದ ವಸ್ತುವಿಗೆ ಬೈಯಿರಿ.

ತೋಟದಮನೆ ಅಕ್ಕ
ಬೆಳಿಗ್ಗೆ 11:22

ಕರೆಂಟಿನ ಮಾತು ಬಂತಲ್ಲ, ಇನ್ನೊಂದು. ಈಗ ಮಳೆಗೆ ಕರೆಂಟು ಹೋಗುತ್ತಾ ಇರುತ್ತದೆ. ಇನ್ವರ್ಟರಿನ ಬ್ಯಾಟರಿ ಹಳತು. ಮೊನ್ನೆ ರಾತ್ರಿ ಮೂರು ಗಂಟೆ ಕರೆಂಟಿಲ್ಲ. ಅತ್ತೆಯ ಫ್ಯಾನು ಹಾಕಿದರೆ ಮಗನ ವೈಫೈಗೆ ಬ್ಯಾಟರಿ ಸಾಲುವುದಿಲ್ಲ. ಮಗ ಮೀಟಿಂಗಿನಲ್ಲಿ. ಅತ್ತೆ ಕತ್ತಲೆಯಲ್ಲಿ ಬೀಸಣಿಗೆ ಹಿಡಿದು, "ನನಗೆ ಬೇಡ, ಮಗುವಿಗೆ ಬಿಡು" ಅಂತ. ಆ "ಮಗು" ಅತ್ತೆಯ ಫ್ಯಾನು ಆಫ್ ಆದದ್ದು ಗೊತ್ತಿಲ್ಲದೆ ಅಲ್ಲಿ ಇಂಗ್ಲಿಷಿನಲ್ಲಿ ನಗುತ್ತಾ ಇದ್ದ. ಇವರಿಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಯರಿಂಗ್ ಮೇಸ್ತ್ರಿ
ಬೆಳಿಗ್ಗೆ 11:30

ವೈಫೈ ರೂಟರಿಗೆ ಬೇರೆ ಸಣ್ಣ ಯುಪಿಎಸ್ ಸಿಗುತ್ತದೆ ಅಕ್ಕ. ಅಂಗೈಯಗಲ. ಎರಡು ಸಾವಿರದ ಒಳಗೆ. ಮಗನೇ ತರಿಸಲಿ.

ಕುಂಬಳೆ ಹುಡುಗಿ
ಬೆಳಿಗ್ಗೆ 11:41

ಅವನಿಗೆ ಗೊತ್ತಿತ್ತಾ ಆಂಟಿ, ಅಜ್ಜಿ ಫ್ಯಾನು ಬಿಟ್ಟುಕೊಟ್ಟದ್ದು? ಯಾರಾದರೂ ಹೇಳಿದಿರಾ?

ತೋಟದಮನೆ ಅಕ್ಕ
ಬೆಳಿಗ್ಗೆ 11:50

ಇಲ್ಲ. ಮೀಟಿಂಗು ಅಂತ ಯಾರೂ ಒಳಗೆ ಹೋಗಲಿಲ್ಲ. ಮರುದಿನವೂ ಹೇಳಲಿಲ್ಲ. ಇವರು ಸಿಟ್ಟು ಮಾತ್ರ ಮಾಡಿದರು.

ಹೊಸೂರಿನವ
ಮಧ್ಯಾಹ್ನ 1:15

ನಮ್ಮದು ತಮಿಳುನಾಡಿನ ಗಡಿ. ಇಲ್ಲಿ ಮಕ್ಕಳು ವಾಪಸ್ ಬರುವುದಿಲ್ಲ, ಯಾಕೆಂದರೆ ಹೋಗಿಯೇ ಇರುವುದಿಲ್ಲ. ಅತ್ತಿಬೆಲೆ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಇಬ್ಬರು ಗಂಡುಮಕ್ಕಳೂ ಮನೆಯಿಂದಲೇ ಓಡಾಡುತ್ತಾರೆ. ಮೊದಲ ಸಂಬಳ ಬಂದ ತಿಂಗಳೇ ನಾನು ಹೇಳಿದೆ, ದೊಡ್ಡವನು ಅಕ್ಕಿ ಬೇಳೆ, ಚಿಕ್ಕವನು ಗ್ಯಾಸು ಮತ್ತು ಇಂಟರ್‌ನೆಟ್. ಕೈಗೆ ದುಡ್ಡು ಕೊಡುವುದು ಬೇಡ, ಸಾಮಾನು ತರಲಿ. ಬೇಳೆ ಕಿಲೋ ಎಷ್ಟು ಅಂತ ಗೊತ್ತಾದ ಮೇಲೆ ದೊಡ್ಡವನು ಹೋಟೆಲಿಗೆ ಹೋಗುವುದೇ ಕಡಿಮೆ ಮಾಡಿದ.

ಹಳೆ ತಲೆ
ಮಧ್ಯಾಹ್ನ 1:22

ಇದು ಸರಿಯಾದ ಮಾತು.

ಟೀಚರಮ್ಮ
ಮಧ್ಯಾಹ್ನ 1:30

ದಾಖಲೆಗೆ: ಹಳೆ ತಲೆಯವರು ಮೊದಲ ಸಲ ಒಬ್ಬರ ಮಾತಿಗೆ ಒಪ್ಪಿದ್ದಾರೆ.

ಪುತ್ತಿಗೆ ಮಾವ
ಮಧ್ಯಾಹ್ನ 2:05

ಮಗನ ಹತ್ತಿರ ದುಡ್ಡು ಕೇಳುವುದು ಅಂದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ನಮ್ಮ ಪರಿಚಯದವರೊಬ್ಬರು ಮಗನಿಂದ ತಿಂಗಳಿಗೆ ಐದು ಸಾವಿರ ತೆಗೆದುಕೊಂಡು ಅವನ ಹೆಸರಲ್ಲೇ ಆರ್‌ಡಿ ಕಟ್ಟಿದರು, ಅವನಿಗೆ ಹೇಳದೆ. ಮದುವೆಗೆ ತೆಗೆದು ಕೊಟ್ಟರು. ಹಾಗೆ ಮಾಡಬಹುದಲ್ಲ?

ವಾಪಸ್ ಬಂದವ
ಮಧ್ಯಾಹ್ನ 2:30

ಮಾವ, ಅದು ಕೇಳಲು ಚಂದ. ಆದರೆ ನಿಜವಾಗಿ ಖರ್ಚಿಗೆ ಬೇಕಿದ್ದರೆ ಖರ್ಚಿಗೆ ಅಂತಲೇ ಕೇಳಿ. ಬೇಡದಿದ್ದರೆ ಬೇಡ ಅನ್ನಿ. ಮಗನಿಗೆ ಗೊತ್ತಿಲ್ಲದೆ ಅವನ ದುಡ್ಡಿಗೆ ನೀವು ಯಜಮಾನಿಕೆ ಮಾಡಿದರೆ ಅದೂ ಬಾಗಿಲು ತಟ್ಟದೆ ಒಳಗೆ ಬಂದ ಹಾಗೆಯೇ.

ಇನ್ನೊಂದು ಮಾತು ಹೇಳಬೇಕು, ಅಕ್ಕ ತಪ್ಪು ತಿಳಿಯಬಾರದು. ನಾನು ಎರಡು ವರ್ಷ ಹಿಂದೆ ಬಂದಾಗ ಮನೆಯಲ್ಲಿ "ವರ್ಕ್ ಫ್ರಂ ಹೋಮ್" ಅಂತ ಹೇಳಿದ್ದೆ. ಕೆಲಸ ಇರಲಿಲ್ಲ. ಮೂರು ತಿಂಗಳು ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪು ನೋಡುತ್ತಿದ್ದೆ. ಅರ್ಜಿ ಹಾಕುವುದು, ಇಂಟರ್‌ವ್ಯೂ ಕೊಡುವುದು, ಮತ್ತೆ ಅರ್ಜಿ ಹಾಕುವುದು. ರಾತ್ರಿ ಎಚ್ಚರ ಇರುತ್ತಿದ್ದೆ, ಯಾಕೆಂದರೆ ಬೆಳಿಗ್ಗೆ ಎದ್ದರೆ ಅಪ್ಪನ ಎದುರು ಹೋಗಬೇಕು. ಹೊರಗೆ ತಿಂದು ಬರುತ್ತಿದ್ದದ್ದೂ ಅದಕ್ಕೇ, ಊಟದ ಹೊತ್ತಿಗೆ ಪ್ರಶ್ನೆ ಬರುತ್ತದಲ್ಲ. ನಿಮ್ಮ ಮಗನದ್ದು ಹಾಗೇ ಅಂತ ಹೇಳುತ್ತಿಲ್ಲ. ಆದರೆ ಎರಡು ಬ್ಯಾಗು ಜಾಸ್ತಿ ತಂದದ್ದು ಅಂದಿರಲ್ಲ, ಅದು ಓದಿದಾಗ ಒಮ್ಮೆ ನನ್ನದೇ ನೆನಪಾಯಿತು.

ತೋಟದಮನೆ ಅಕ್ಕ
ಮಧ್ಯಾಹ್ನ 2:52

ಇಲ್ಲ ಇಲ್ಲ, ಅವನು ಮೀಟಿಂಗಿನಲ್ಲಿ ಮಾತಾಡುವುದು ನನಗೆ ಕೇಳುತ್ತದೆ.

ತೋಟದಮನೆ ಅಕ್ಕ
ಮಧ್ಯಾಹ್ನ 3:10

ಆದರೆ ನಾನು ಕೇಳಿಯೂ ಇಲ್ಲ.

ಪುತ್ತಿಗೆ ಮಾವ
ಮಧ್ಯಾಹ್ನ 3:25

ಕೆಲಸ ಹೋಗಿದ್ದರೂ ಚಿಂತೆ ಇಲ್ಲ. ಪಿಎಸ್‌ಸಿಯ ಸರಕಾರಿ ಕೆಲಸದ ಪರೀಕ್ಷೆ ಬರೆಯಲಿ. ಕಾಸರಗೋಡಿನಲ್ಲಿ ಕನ್ನಡ ಬಲ್ಲವರಿಗೆ ಅಂತ ಎಲ್‌ಡಿ ಕ್ಲಾರ್ಕ್ ಹುದ್ದೆ ಬೇರೆ ಕರೆಯುತ್ತಾರೆ. ಜನರಲ್‌ನವರಿಗೆ 36ರ ತನಕ ಬರೆಯಬಹುದು.

ಕುಂಬಳೆ ಹುಡುಗಿ
ಮಧ್ಯಾಹ್ನ 3:31

ಬಂತು, ಬಂತು. ಯಾವ ಚರ್ಚೆಯಾದರೂ ಮೂವತ್ತನೇ ಉತ್ತರದೊಳಗೆ ಪಿಎಸ್‌ಸಿ ಬರದಿದ್ದರೆ ಅದು ಕಾಸರಗೋಡಿನವರ ಚರ್ಚೆ ಅಲ್ಲ. ಮಾವ, ಕನ್ನಡ ಬಲ್ಲರೆ ಸಾಲದು, ಮಲಯಾಳವೂ ಬೇಕು. ನಾನು ಅದನ್ನೇ ಓದುತ್ತಾ ಇರುವುದು.

ನೀರ್ಚಾಲು ಭಾವ
ಮಧ್ಯಾಹ್ನ 3:40

ನಾಲ್ಕನೇ ರೂಲ್ಸು ಯಾರೂ ಮುಟ್ಟಲಿಲ್ಲವಲ್ಲ. ಭಾನುವಾರ ತೋಟಕ್ಕೆ. ಅಕ್ಕ, ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟಾಯಿತಾ? ನಮ್ಮದು ಮಳೆಗೆ ಮೊದಲು ಒಂದು ಸಲ ಆಯಿತು. ಇನ್ನು 40-45 ದಿನಕ್ಕೆ ಎರಡನೇ ಸಲ ಆಗಬೇಕು, ಜನ ಸಿಗುವುದಿಲ್ಲ.

ತೋಟದಮನೆ ಅಕ್ಕ
ಮಧ್ಯಾಹ್ನ 3:58

ಒಂದು ಸಲ ಆಯಿತು ಭಾವ. ಅಂದು ಮಗ ಮೈಲುತುತ್ತು ಕರಗಿಸಿ ಕೊಟ್ಟ, ಸುಣ್ಣದ ನೀರು ಸೋಸಿ ಕೊಟ್ಟ, ಪೈಪು ಹಿಡಿದ. ಸಂಜೆಯ ತನಕ ಮೈಯೆಲ್ಲ ನೀಲಿ. ಮಾಡುವುದಿಲ್ಲ ಅಂತಲ್ಲ. "ಬಾ" ಅಂತ ಕರೆದರೆ ಬರುತ್ತಾನೆ. "ಬರಬೇಕು" ಅಂತ ಬರೆದರೆ ಬರುವುದಿಲ್ಲ.

ಅಡಿಕೆ ಲೆಕ್ಕ
ಸಂಜೆ 5:00

ಮದ್ದು ಬಿಡುವವನಿಗೆ ದಿನಕ್ಕೆ ಸಾವಿರದ ಮೇಲೆ ಕೊಡುತ್ತೀರಿ, ಚಾ ತಿಂಡಿ ಬೇರೆ. ಮಗ ಪೈಪು ಹಿಡಿದರೆ ಏನು ಕೊಟ್ಟಿರಿ? ಲೆಕ್ಕ ಅಂದರೆ ಎರಡೂ ಕಡೆ ಇರಬೇಕು. ಅವನ ಊಟದ ಖರ್ಚು ಬರೆಯುವುದಾದರೆ ಅವನ ದುಡಿಮೆಯನ್ನೂ ಬರೆಯಿರಿ.

ಹಳೆ ತಲೆ
ಸಂಜೆ 5:08

ಸ್ವಂತ ತೋಟಕ್ಕೆ ಮಗನಿಗೆ ಕೂಲಿ? ಇನ್ನು ತಾಯಿಗೆ ಅಡುಗೆ ಮಾಡಿದ್ದಕ್ಕೆ ಸಂಬಳ ಕೊಡಿ.

ಟೀಚರಮ್ಮ
ಸಂಜೆ 5:11

ಕೊಡಿ. ಯಾರು ಬೇಡ ಅಂದರು?

ಗಲ್ಫ್ ರಿಟರ್ನ್
ಸಂಜೆ 5:20

ನನ್ನ ಮನೆಯವಳು ಇದನ್ನು ಓದುವುದು ಬೇಡ 😀

ಕೂಡುಕುಟುಂಬದವಳು (ಮುಳ್ಳೇರಿಯ)
ಸಂಜೆ 6:30

ಮೊದಲೆಲ್ಲ ಕೂಡಿ ಬಾಳುವಾಗ ರೂಲ್ಸು ಇರಲಿಲ್ಲ, ಪ್ರೀತಿ ಇತ್ತು ಅಂತ ಹೇಳುವವರು ತುಂಬಾ ಜನ. ನಾನು 14 ಜನರ ಮನೆಗೆ ಸೊಸೆಯಾಗಿ ಬಂದವಳು. ರೂಲ್ಸು ಇತ್ತು, ಸ್ವಾಮಿ. ಯಾರೂ ಬರೆದಿರಲಿಲ್ಲ ಅಷ್ಟೇ. ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಬಚ್ಚಲಿಗೆ ಯಾರು ಮೊದಲು, ಯಾರು ಆಮೇಲೆ, ಬಿಸಿನೀರಿನ ಹಂಡೆ ಯಾರು ತುಂಬಿಸಬೇಕು, ಗಂಡಸರ ಊಟ ಆಗುವ ಮೊದಲು ಬೆಂದಿಯ (ಸಾಂಬಾರಿನ) ತಳ ಕೆರೆಯಬಾರದು. ತಪ್ಪಿದಾಗ ಮಾತ್ರ ಗೊತ್ತಾಗುವುದು ಇಂಥ ರೂಲ್ಸು ಇತ್ತು ಅಂತ. ನಾನು ಮದುವೆಯಾಗಿ ಒಂದು ವರ್ಷ ತಪ್ಪಿ ತಪ್ಪಿಯೇ ಕಲಿತದ್ದು.

ಅದಕ್ಕೆ ನಾನಾದರೆ ಫ್ರಿಜ್ಜಿನ ಮೇಲೆ ಬರೆದದ್ದೇ ವಾಸಿ ಅನ್ನುತ್ತೇನೆ. ಕಣ್ಣಿಗೆ ಕಾಣುತ್ತದೆ. ಕೆಳಗೆ ಆರನೆಯದು ಸೇರಿಸಲು ಜಾಗವೂ ಇರುತ್ತದೆ. ನಮಗೆ ಆ ಜಾಗ ಇರಲಿಲ್ಲ.

ಕುಂಬಳೆ ಹುಡುಗಿ
ಸಂಜೆ 6:44

ಈ ಉತ್ತರವನ್ನು ಪ್ರಿಂಟ್ ತೆಗೆದು ನಮ್ಮ ಫ್ರಿಜ್ಜಿಗೆ ಅಂಟಿಸುತ್ತೇನೆ.

ಆಸ್ಪತ್ರೆ ಬಿಲ್ಲು ನೋಡಿದವ
ರಾತ್ರಿ 8:15

ಯಾರೂ ಹೇಳದ ಒಂದು ವಿಷಯ. ಮಗನಿಗೆ 25 ಅಂದಿರಿ. ಫ್ಯಾಮಿಲಿ ಹೆಲ್ತ್ ಪಾಲಿಸಿಗಳಲ್ಲಿ ಮಕ್ಕಳನ್ನು ಸಾಮಾನ್ಯವಾಗಿ 25ರ ತನಕ ಮಾತ್ರ ಸೇರಿಸಿಕೊಳ್ಳುತ್ತಾರೆ. ಕಂಪನಿ ಕೊಟ್ಟ ಗ್ರೂಪ್ ಇನ್ಶೂರೆನ್ಸು ಕೆಲಸ ಬಿಟ್ಟಾಗ ಹೋಗುತ್ತದೆ. ಹೀಗೆ ಎರಡೂ ಇಲ್ಲದೆ ನಡುವೆ ಬಿದ್ದ ಹುಡುಗರು ತುಂಬಾ ಇದ್ದಾರೆ, ನನ್ನ ತಮ್ಮನೂ ಹಾಗೆ ಬಿದ್ದದ್ದು, ಬೈಕಿನಿಂದಲೂ ಬಿದ್ದ. ಗೇಟಿನ ಬೀಗ ಆಮೇಲೆ ನೋಡಿ, ಮೊದಲು ಇದನ್ನು ಕೇಳಿ.

ತೋಟದಮನೆ ಅಕ್ಕ
ಜೂನ್ 15, ರಾತ್ರಿ 10:20

ಐದು ದಿನ ಇತ್ತ ಬರಲಾಗಲಿಲ್ಲ. ಹಲಸಿನಕಾಯಿ ಬಿದ್ದು ಹಾಳಾಗುತ್ತಿತ್ತು, ಉಪ್ಪುಸೊಳೆ ಹಾಕುವ ಗಡಿಬಿಡಿ. ಏನಾಯಿತು ಅಂತ ಹೇಳುತ್ತೇನೆ.

ಶನಿವಾರ ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕಾಯಿ ಕೊರೆದು ಕೂತಿದ್ದೆ. ಮಗ ಚಾ ಲೋಟ ಇಡಲು ಬಂದವನು ನೋಡಿದ, ಒಳಗೆ ಹೋದ. ಮೀಟಿಂಗು ಅಂದುಕೊಂಡೆ. ಎರಡು ನಿಮಿಷದಲ್ಲಿ ತೆಂಗಿನೆಣ್ಣೆ ಬಾಟಲಿ ತಂದು, ಅಂಗೈಗೆ ಹಚ್ಚಿಕೊಂಡು ಎದುರು ಕೂತ. ಸಣ್ಣವನಿರುವಾಗ ಮೇಣ ಮೆತ್ತಿಕೊಂಡು ಅತ್ತವನು ಅವನು. ನಾನು ಕೊರೆದು ಕೊಟ್ಟೆ, ಅವನು ಸೊಳೆ ಬಿಡಿಸಿದ. ಅರ್ಧ ಕಾಯಿ ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ.

ನಾನು ನಿಮ್ಮ ಇನ್ಶೂರೆನ್ಸಿನ ವಿಷಯದಿಂದ ಶುರು ಮಾಡಿದೆ. ಬೇರೆ ಹೇಗೆ ಕೇಳುವುದು ಗೊತ್ತಾಗಲಿಲ್ಲ. "ಇಲ್ಲ ಅಮ್ಮ" ಅಂದ. ಆಮೇಲೆ ತಲೆ ತಗ್ಗಿಸಿಯೇ ಹೇಳಿದ. ಕಂಪನಿಯ ಕೆಲಸ ಮಾರ್ಚಿಗೇ ಹೋಗಿದೆ. ಅಲ್ಲಿಯೇ ಇದ್ದ ಒಬ್ಬರು ಶುರು ಮಾಡಿದ ಚಿಕ್ಕ ಕೆಲಸಕ್ಕೆ ಸೇರಿದ್ದಾನೆ. ಮೂರು ತಿಂಗಳಿಗೊಮ್ಮೆ ಕಾಂಟ್ರಾಕ್ಟು. ಮೊದಲಿನ ಸಂಬಳದ ಅರ್ಧ. ಅದರಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಿದರೆ ಉಳಿಯುವುದಿಲ್ಲ. ಆಗಸ್ಟ್ ನಂತರ ಏನು ಅಂತ ಅವನಿಗೂ ಗೊತ್ತಿಲ್ಲ. "ಅಪ್ಪನಿಗೆ ಹೇಳಿದರೆ ತೋಟ ನೋಡಿಕೋ ಅನ್ನುತ್ತಾರೆ" ಅಂದ. ಅಜ್ಜಿಯ ಫ್ಯಾನಿನ ವಿಷಯವನ್ನೂ ಹೇಳಿದೆ. ಕೈಯಲ್ಲಿದ್ದ ಸೊಳೆ ಹಾಗೇ ಹಿಡಿದುಕೊಂಡು ಕೂತ.

ಉಪ್ಪಳದ ತಮ್ಮಾ, ನೀನು ಹೇಳಿದ್ದು ಅರ್ಧ ಸರಿ.

ದುಡ್ಡು ಕೇಳಲಿಲ್ಲ. ಆದರೆ ಭಾನುವಾರ ಸಂಜೆ ಅವನೇ ಪೇಟೆಯಿಂದ ರೂಟರಿಗೆ ಆ ಪುಟ್ಟ ಯುಪಿಎಸ್ ತಂದ. ಇಂಟರ್‌ನೆಟ್ ಬಿಲ್ಲು ಇನ್ನು ತನ್ನದು ಅಂದ. ಪಾಲಿಸಿಗೆ ಇವರು ಸೊಸೈಟಿಯವರ ಹತ್ತಿರ ವಿಚಾರಿಸುತ್ತಿದ್ದಾರೆ.

ಫ್ರಿಜ್ಜಿನ ಮೇಲಿನ ಕಾಗದ ಈಗಲೂ ಉಂಟು. ಎರಡನೆಯದಕ್ಕೆ ಗೀಟು ಬಿದ್ದಿದೆ. ಯಾರು ಎಳೆದದ್ದು ಅಂತ ನಾನು ಕೇಳಿಲ್ಲ, ಮಾರ್ಕರಿನದ್ದು. ಮೂರನೆಯದರ ಮುಂದೆ "ಸಂಜೆ 6ರ ಒಳಗೆ" ಅಂತ ಸೇರಿದೆ, ನೀಲಿ ಪೆನ್ನು. ಈಗ ದಿನಾ ಆರಕ್ಕೆ ಮನೆಯ ಗ್ರೂಪಿಗೆ ಮೆಸೇಜು ಬರುತ್ತದೆ: "ಊಟ ಉಂಟು" ಅಥವಾ "ಇಲ್ಲ". ಇಲ್ಲ ಅಂತ ಬಂದ ದಿನ ಅತ್ತೆಗೆ ಎಂಟಕ್ಕೇ ಬಡಿಸುತ್ತೇನೆ. ಗೇಟಿನ ಎರಡನೇ ಬೀಗದ ಕೈ ಅವನ ಹತ್ತಿರ. ಸದ್ದು ಮಾಡದೆ ಬರಬೇಕು, ನಾಯಿಯನ್ನು ಮಾತಾಡಿಸಬಾರದು, ಅಷ್ಟೇ.

ಕೆಲಸದ ವಿಷಯ ಅಪ್ಪನಿಗೆ ಅವನೇ ಹೇಳಿದ. ನಾನು ಅಡುಗೆಮನೆಯಲ್ಲಿದ್ದೆ. ಇವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಏಸಿ ಹಾಕಿಕೊ, ಸೆಕೆಯಲ್ಲಿ ತಲೆ ಓಡುವುದಿಲ್ಲ" ಅಂದರು.

ಟೀಚರಮ್ಮ
ರಾತ್ರಿ 10:31

ಅಕ್ಕ, ಆರನೆಯದು?

ತೋಟದಮನೆ ಅಕ್ಕ
ರಾತ್ರಿ 10:34

ಈಗ ತಟ್ಟುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ತಟ್ಟುವುದೂ ಒಳಗೆ ಕಾಲಿಡುವುದೂ ಒಟ್ಟಿಗೇ.

ನೀರ್ಚಾಲು ಭಾವ
ರಾತ್ರಿ 10:36

😂 ಅಷ್ಟಾದರೂ ಆಯಿತಲ್ಲ.

ವಯರಿಂಗ್ ಮೇಸ್ತ್ರಿ
ರಾತ್ರಿ 10:40

ಏಸಿ ಹಗಲೂ ಹಾಕಿಕೊ ಅಂದರಾ? 500 ಯೂನಿಟ್ ನೆನಪಿರಲಿ ಅಕ್ಕ.

ಕೂಡುಕುಟುಂಬದವಳು
ರಾತ್ರಿ 10:52

ಉಪ್ಪುಸೊಳೆಗೆ ಭರಣಿಯಾ, ಪ್ಲಾಸ್ಟಿಕ್ ಡಬ್ಬಿಯಾ? ನಾನು ಕಳೆದ ವರ್ಷ ಡಬ್ಬಿಯಲ್ಲಿ ಹಾಕಿದ್ದು ಮೇಲಿಂದ ಕಪ್ಪಾಯಿತು.

ತೋಟದಮನೆ ಅಕ್ಕ
ರಾತ್ರಿ 10:58

ಭರಣಿಯೇ. ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು. ಮೇಲೆ ತಟ್ಟೆ ಇಟ್ಟು ಕಲ್ಲು ಹೇರಬೇಕು, ಸೊಳೆ ನೀರಿನಿಂದ ಮೇಲೆ ಬರಬಾರದು. ಈ ಸಲ ಕಲ್ಲು ಹೊತ್ತು ತಂದದ್ದು ಮಗ. ಸ್ವಲ್ಪ ದೊಡ್ಡದೇ ತಂದಿದ್ದಾನೆ, ಭರಣಿ ಒಡೆಯದಿದ್ದರೆ ಸಾಕು.